ಎಡತೊಡೆಯ ಬೂಟು

ಲಾಂಗ್‌ಫೋರ್ಕ್‌ನ ರೋಡಿಯೋ ಮೈದಾನಕ್ಕೆ ಇನ್ನೂ ಬಿಸಿಲು ಇಳಿದಿಲ್ಲ. ಕೊಡಲಿ ಗುಡ್ಡದ ನೆತ್ತಿ ಮಾತ್ರ ಕೆಂಪಗಾಗಿದೆ. ಖಾಲಿ ಬೆಂಚುಗಳ ಮುಂದೆ ಗಾರ್ಲನ್ ಟೀಗ್ ಎರಡು ಕುದುರೆಗಳನ್ನು ಹಿಡಿದು ಮೆಲ್ಲಗೆ ನಡೆಸುತ್ತಿದ್ದಾರೆ. ಒಂದು ಬೂದು, ಒಂದು ಕಂದು. ಅರವತ್ತೊಂದರ ಗಾರ್ಲನ್ ಕುಂಟುತ್ತಾರೆ, ಬೂದು ಕುದುರೆಯೂ ಚಳಿಗೆ ಕೊಂಚ ಕುಂಟುತ್ತದೆ. ಮೈದಾನವನ್ನು ಎರಡು ಸುತ್ತು ಹಾಕುವಷ್ಟರಲ್ಲಿ ಇಬ್ಬರ ಕಾಲೂ ಸರಿಹೋಗುತ್ತದೆ.

"ಅವಸರ ಮಾಡ್ಬೇಡ ಕಣೋ," ಎಂದು ಬೂದು ಕುದುರೆಯ ಕಿವಿಗೆ ಹೇಳುತ್ತಾರೆ. "ಜನ ಬರೋದು ಮಧ್ಯಾಹ್ನಕ್ಕೆ. ಬಂದ್ರೂ ನಮ್ಮನ್ನ ನೋಡೋಕಲ್ಲ."

ಆ ಮಾತು ಸುಳ್ಳಲ್ಲ. ಒದೆಯುವ ಕುದುರೆಯ ಮೇಲೆ ಎಂಟು ಸೆಕೆಂಡು ಕೂತವನಿಗೆ ಚಪ್ಪಾಳೆ ಬೀಳುತ್ತದೆ, ಸೊಂಟಪಟ್ಟಿಗೆ ಬೆಳ್ಳಿಯ ಬಕಲು ಸಿಗುತ್ತದೆ. ಒಂಬತ್ತನೆಯ ಸೆಕೆಂಡಿಗೆ ಅವನ ಗತಿಯೇನು ಎಂದು ಯಾರೂ ಕೇಳುವುದಿಲ್ಲ. ಜನ ಅಂಕದ ಹಲಗೆಯತ್ತ ತಿರುಗಿರುತ್ತಾರೆ. ಆ ಹೊತ್ತಿನಲ್ಲಿ ಗಾರ್ಲನ್ ಧೂಳಿನೊಳಗೆ ನುಗ್ಗಿ, ಹುಚ್ಚೆದ್ದ ಕುದುರೆಗೆ ತಮ್ಮ ಕುದುರೆಯನ್ನು ಒತ್ತಿ ನಿಲ್ಲಿಸಿ, ಸವಾರನನ್ನು ಎಳೆದುಕೊಂಡು, ಇನ್ನೊಂದು ಬದಿಗೆ ನೆಲದ ಮೇಲೆ ಇಳಿಸಿರುತ್ತಾರೆ. ಮೂವತ್ತು ವರ್ಷದಿಂದ ಇದೇ ಕೆಲಸ. ರೋಡಿಯೋದ ಭಿತ್ತಿಪತ್ರದಲ್ಲಿ ಸೋಡಾ ಮಾರುವವನ ಹೆಸರಿದೆ, ಇವರದಿಲ್ಲ.

"ಎಂಟು ಸೆಕೆಂಡಿನ ಸೈರನ್ ಕೂಗಿದ್ದು ಜನಕ್ಕೆ ಗೊತ್ತಾಗುತ್ತೆ, ಸವಾರನಿಗೆ ಗೊತ್ತಾಗುತ್ತೆ. ಕುದುರೆಗೆ ಅದನ್ನ ಯಾರು ಹೇಳ್ಬೇಕು?" ಎಂದು ಗಾರ್ಲನ್ ನಗುತ್ತಾರೆ. "ಹುಡುಗ ನನ್ನ ಸೊಂಟ ತಬ್ಕೋತಾನಲ್ಲ, ಆಗ ಅವನು ಚಾಂಪಿಯನ್ನೂ ಅಲ್ಲ, ಏನೂ ಅಲ್ಲ. ಸಂತೇಲಿ ಅಮ್ಮನ ಕೈ ತಪ್ಪಿಸ್ಕೊಂಡು ಮತ್ತೆ ಸಿಕ್ಕಿದ ಮಗು."

ಬೇಲಿಯಾಚೆ ಅವರ ಕುದುರೆಮರಿಗಳು ಮೇಯುತ್ತಿವೆ. ಜೋಳದ ಬಣ್ಣದ ಮೈ, ಕಪ್ಪು ಬಾಲ. ಈ ಸೀಮೆಯಲ್ಲಿ ಮರಿಯ ತೊಡೆಯ ಮೇಲೆ ಕಾದ ಕಬ್ಬಿಣದಿಂದ ಮನೆತನದ ಮುದ್ರೆ ಬಿದ್ದ ಮೇಲೇ ಅದು ಯಾರದೋ ಮರಿ ಎಂದಾಗುವುದು. ಗಾರ್ಲನ್‌ರ ಮರಿಗಳ ತೊಡೆ ಬೋಳು. ಹರಾಜು ಶೆಡ್ಡಿನಲ್ಲಿ ಕ್ಯಾಂಟೀನು ನಡೆಸುವ ಚಿಕ್ಕಪ್ಪನ ಮಗಳು ಡೊರೀನ್, ಕಾಫಿಯ ಜೊತೆ ಇದನ್ನೂ ಬಡಿಸುತ್ತಾಳೆ.

"ನಿನ್ನ ಮರಿಗಳು ಹೆಸರಿಡದ ಕೂಸುಗಳ ಥರ ಓಡಾಡ್ತಿವೆ ಕಣೋ. ಯಾರಾದ್ರೂ ಹೊಡ್ಕೊಂಡು ಹೋಗ್ತಾರೆ ನೋಡ್ತಿರು."

"ಹೋಗ್ಲಿ ಬಿಡೇ. ಮಾರನೇ ದಿನ ಅವರೇ ತಂದು ಕಟ್ಟಿ ಹೋಗ್ತಾರೆ. ಒದೆಯೋ ಬಿಸ್ಕಿಟ್ ವಂಶ ಅದು."

"ಬೇರೆ ಮುದ್ರೆ ಮಾಡಿಸ್ಕೊಂಡ್ರೆ ಗಂಟೇನು ಹೋಗುತ್ತೆ ನಿಂಗೆ?"

"ಬೇರೆ ಅಪ್ಪನ್ನೂ ಮಾಡಿಸ್ಕೊಡ್ತೀಯಾ?" ಎನ್ನುತ್ತಾರೆ ಗಾರ್ಲನ್. ಡೊರೀನ್ ಇನ್ನೊಂದು ಲೋಟ ಕಾಫಿ ಬಗ್ಗಿಸುತ್ತಾಳೆ.

ಟೀಗ್ ಮನೆತನದ ಮುದ್ರೆ ಒಂದು ಬೂಟು. ಅಜ್ಜನ ಕಾಲದ್ದು. ಗಾರ್ಲನ್‌ರ ಅಪ್ಪ ಹೋಬರ್ಟ್ ಮತ್ತು ಚಿಕ್ಕಪ್ಪ ಮೆರ್ಲ್ ಹಳ್ಳದ ನೀರಿಗಾಗಿ ಕಿತ್ತಾಡಿ ಪಾಲಾದಾಗ ಜಮೀನು ಹಂಚಿಹೋಯಿತು, ದನ ಹಂಚಿಹೋಯಿತು, ಬೂಟನ್ನು ಹಂಚಲಾಗಲಿಲ್ಲ. ಕೊನೆಗೆ ತೊಡೆಯನ್ನು ಹಂಚಿಕೊಂಡರು. ಎಡತೊಡೆಯ ಮೇಲಿನ ಬೂಟು ಅಣ್ಣನದು, ಬಲತೊಡೆಯ ಮೇಲಿನದು ತಮ್ಮನದು. ಅಜ್ಜನ ಮುದ್ರೆಗೋಲು ಅಣ್ಣನಿಗೆ ಉಳಿಯಿತು, ತಮ್ಮ ಕಮ್ಮಾರನ ಹತ್ತಿರ ಅಂಥದ್ದೇ ಇನ್ನೊಂದು ಮಾಡಿಸಿಕೊಂಡ. ಅಂದಿನಿಂದ ದಾಯಾದಿಗಳು ಎದುರಾದರೆ ಮೊದಲು ನೋಡುತ್ತಿದ್ದುದು ಕುದುರೆಯ ಯಾವ ತೊಡೆ ಎಂಬುದನ್ನು, ಆಮೇಲೆ ಮನುಷ್ಯನ ಮುಖವನ್ನು.

ಬಿಸ್ಕಿಟ್ ಎಡತೊಡೆಯ ಹೆಣ್ಣುಕುದುರೆ. ಹೆಸರು ಕೇಳಿ ಮೋಸ ಹೋದವರ ಪಕ್ಕೆಲುಬುಗಳು ಮುರಿದಿವೆ. ಗಾರ್ಲನ್‌ರ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಸಿನಿಮಾದವರು ಲಾರಿಗಟ್ಟಲೆ ದೀಪ ಹೊತ್ತು ಲಾಂಗ್‌ಫೋರ್ಕ್‌ಗೆ ಬಂದಾಗ ಕಣ್ಣು ಬಿದ್ದಿದ್ದು ಅವಳ ಮೇಲೆ. ಕತೆ ರೋಡಿಯೋ ಸವಾರನದು. ಅಪ್ಪ ಹಳೆಯ ಚಾಂಪಿಯನ್, ಮಗನೊಡನೆ ಮಾತು ಬಿಟ್ಟಿದ್ದಾನೆ. ಮಗ ಬಿದ್ದು ಎದ್ದು ಗೆಲ್ಲುತ್ತಾನೆ, ಕೊನೆಗೆ ಅಪ್ಪ-ಮಗ ತಬ್ಬಿಕೊಂಡು ಅಳುತ್ತಾರೆ. ನಾಯಕ ಒಳ್ಳೆಯ ಹುಡುಗನೇ, ಆದರೆ ಕುದುರೆ ಕಂಡರೆ ಬೆವರುತ್ತಿದ್ದ. ಮರದ ಪೀಪಾಯಿಯ ಮೇಲೆ ಕೂರಿಸಿ, ಬಲಗೈಗೆ ಲಗಾಮು ಕೊಟ್ಟು, ಹತ್ತಿರದಿಂದ ಅವನ ಮುಖದ ಚಿತ್ರ ತೆಗೆದರು. ಬೀಳುವ ಕೆಲಸ ಗಾರ್ಲನ್‌ರಿಗೆ ಬಂತು.

"ನಾನು ಎಡಗೈಯೋನು, ಬಲಗೈ ಭುಜ ಚಿಕ್ಕಂದಿನಲ್ಲೇ ಮುರಿದಿತ್ತು. ಮೊದಲೇ ಹೇಳ್ದೆ. ನಿರ್ದೇಶಕ, ನೀನು ಬೀಳೋದು ಬೀಳಪ್ಪಾ, ಮಿಕ್ಕಿದ್ದು ನಾವು ನೋಡ್ಕೋತೀವಿ ಅಂದ. ಒಂದೇ ಕಟ್ಟಪ್ಪಣೆ. ಮುಖ ಕಾಣಬಾರದು. ಮೊದಲನೇ ಸಲ ಬಿದ್ದಾಗ ಟೋಪಿ ಹಾರಿ ಮುಖ ಕಂಡುಬಿಡ್ತು. ಅದಕ್ಕೇ ಮತ್ತೆ ಬೀಳಿಸಿದ್ರು."

ಮುಖ ಕಂಡಿದ್ದಕ್ಕೆ ಶಿಕ್ಷೆ! ಮೂಳೆ ಇವರದು, ಮುಖ ಅವನದು. ಪೋಸ್ಟರಿನ ತುಂಬ ನಾಯಕನ ಹಲ್ಲು. ಕೊನೆಯಲ್ಲಿ ಉರುಳುವ ಹೆಸರುಗಳಲ್ಲಿ ನಾಯಕನ ಕೂದಲು ಬಾಚಿದವನಿದ್ದಾನೆ, ಅವನಿಗಾಗಿ ಮಣ್ಣು ತಿಂದವನಿಲ್ಲ. ಗಾರ್ಲನ್‌ರಿಗೆ ಇದನ್ನು ಹೇಳಿ ನೋಡಿ, ಭುಜ ಕುಣಿಸುತ್ತಾರೆ. ಅವರ ಪಾಲಿಗೆ ಆ ಬೇಸಿಗೆಯೆಂದರೆ ಬೇರೆಯೇ. ಊರಿಗೂರೇ ಬೆಂಚಿನ ಮೇಲೆ ಸಿನಿಮಾದ ಜನಜಂಗುಳಿಯಾಗಿ ಕೂತಿತ್ತು. ಅಮ್ಮ ಎಡ್ನಾ ಬುಟ್ಟಿ ತುಂಬ ಪೀಚ್ ಹಣ್ಣಿನ ಕಡುಬು ತಂದು, ದೀಪ ಹಿಡಿಯುವವರಿಗೂ ಹಂಚುತ್ತಿದ್ದಳು. ಹುಲ್ಲು ಕೊಯ್ಲಿನ ಕಾಲವೆಂದು ಅಪ್ಪ ಮಾತ್ರ ಮೈದಾನದ ಕಡೆ ಬರಲಿಲ್ಲ. ಚಿತ್ರೀಕರಣ ಮುಗಿದ ಮೇಲೂ ಸಿನಿಮಾದವರು ಬಿಸ್ಕಿಟ್‌ಳನ್ನು ಬಾಡಿಗೆಗೆ ದಕ್ಷಿಣದ ಕಡೆಗೆ ಒಯ್ದರು.

ಮರುವರ್ಷ ಸಿನಿಮಾ ಊರಿನ ಟಾಕೀಸಿಗೆ ಬಂತು. ಊರೆಲ್ಲ ನೋಡಿತು, ಅಪ್ಪ-ಅಮ್ಮನೂ. ಗಾರ್ಲನ್ ಅಂದು ಬೇರೆ ಊರಿನ ರೋಡಿಯೋದಲ್ಲಿದ್ದರು. ಮಾರನೆಯ ದಿನ ಬಂದು ನೋಡಿದರೆ ಅವರ ಜೀನು, ಹಾಸಿಗೆ, ಬಟ್ಟೆಯ ಚೀಲ ಗೇಟಿನ ಹೊರಗಿದ್ದವು. ಅಪ್ಪ ಗೇಟಿನ ಒಳಗಿದ್ದರು.

"ಚಿಕ್ಕಪ್ಪನ ಮನೆ ಬಾಗಿಲು ತೆಗೆದಿರುತ್ತೆ, ಹೋಗು," ಎಂದರು. "ಬೂಟು ನನ್ನ ಜೊತೆಗೇ ಮಣ್ಣಿಗೆ ಹೋಗ್ಲಿ, ನಿಂಗೆ ಕೊಡಲ್ಲ."

ಅಪ್ಪನಿಗೆ ಸಿನಿಮಾದವರ ನೆರಳೂ ಆಗದು, ಅದಕ್ಕೇ ಈ ಸಿಟ್ಟು ಎಂದುಕೊಂಡರು ಗಾರ್ಲನ್. ಏನು ಎಂದು ಕೇಳಲಿಲ್ಲ. ಅಪ್ಪ ಹೇಳಲೂ ಇಲ್ಲ. ಅಪ್ಪ-ಮಗನನ್ನು ಒಂದು ಮಾಡುವ ಕತೆ ಪರದೆಯ ಮೇಲೆ ಮುಗಿದ ರಾತ್ರಿಯೇ ಈ ಅಪ್ಪ-ಮಗ ಬೇರೆಯಾದರು. ಸಿನಿಮಾದವರು ಬಿಸ್ಕಿಟ್‌ಳನ್ನು ಗಾರ್ಲನ್‌ರ ಬಾಡಿಗೆ ಮನೆಗೇ ತಂದು ಇಳಿಸಿದರು. ಎಡ್ನಾ ತೀರಿಕೊಂಡಾಗ ಇಬ್ಬರೂ ಗುಂಡಿಯ ಆಚೆ ಒಬ್ಬರು, ಈಚೆ ಒಬ್ಬರು ನಿಂತಿದ್ದರು. ಮೆರ್ಲ್ ಹೋದ. ಬಿಸ್ಕಿಟ್ ಹೋದಳು. ಮರಿಗಳಿಗೆ ಮರಿಗಳಾದವು, ತೊಡೆಗಳು ಬೋಳಾಗಿಯೇ ಉಳಿದವು. ಹೋಬರ್ಟ್‌ಗೆ ಈಗ ಎಂಬತ್ತೇಳು. ಅಜ್ಜನ ಮುದ್ರೆಗೋಲು ಅವರ ಅಡುಗೆಮನೆಯ ಗೋಡೆಯ ಮೇಲಿದೆ ಎಂದು ಊರಿಗೆಲ್ಲ ಗೊತ್ತು. ಅವರ ಜೊತೆಗೇ ಅದೂ ಹೋಗುತ್ತದೆ ಎಂಬುದೂ ಗೊತ್ತು.

ಈ ಬೇಸಿಗೆಯ ರೋಡಿಯೋದ ಹಿಂದಿನ ದಿನ ಮಧ್ಯಾಹ್ನ ಆ ಸಿನಿಮಾವನ್ನು ಹರಾಜು ಶೆಡ್ಡಿನಲ್ಲಿ ತೋರಿಸುವ ಹಟ ಡೊರೀನ್‌ಳದು. ಟಾಕೀಸು ಮುಚ್ಚಿ ಯಾವ ಕಾಲವಾಯಿತೋ. ದೊಡ್ಡಪ್ಪನನ್ನು ಕರೆಯಲು ಅವಳೇ ಹೋದಳು.

"ಆ ದರಿದ್ರ ನಾನು ನೋಡಲ್ಲ," ಎಂದರಂತೆ ಮುದುಕ.

"ದೊಡ್ಡಮ್ಮ ಇದಾಳೆ ಅದ್ರಲ್ಲಿ. ಜನದ ಮಧ್ಯೆ ಕೂತಿದಾಳೆ. ಅವಳು ಅಲ್ಲಾಡೋದು, ನಗೋದು ಬೇರೆಲ್ಲಿದೆ ಹೇಳು ದೊಡ್ಡಪ್ಪ?"

ಮುದುಕ ಬಂದರು. ಮುಂದಿನ ಸಾಲಿನಲ್ಲಿ, ಟೋಪಿಯನ್ನು ಮೊಣಕಾಲಿನ ಮೇಲಿಟ್ಟು ಕೂತರು. ಈ ಸಿನಿಮಾವನ್ನು ಒಮ್ಮೆಯೂ ನೋಡಿರದ ಗಾರ್ಲನ್ ಹಿಂದೆ ಬಾಗಿಲಿಗೆ ಒರಗಿ ನಿಂತರು.

ಸುಣ್ಣ ಬಳಿದ ಗೋಡೆಯ ಮೇಲೆ ಚಿತ್ರ ಓಡತೊಡಗಿದ್ದೇ ತಡ, ಶೆಡ್ಡಿಗೆ ಮರುಜೀವ ಬಂತು. ಕತೆ ಯಾರಿಗೆ ಬೇಕಿತ್ತು? "ಅಗೋ ನಮ್ಮ ಪೋಸ್ಟ್ ಮಾಸ್ತರು! ತಲೇಲಿ ಕೂದಲಿತ್ತಲ್ಲೋ ಆಗ!" "ಅಯ್ಯೋ, ನನ್ನ ನಡು ನೋಡ್ರೇ, ಬಳೆಗೆ ತೂರಿಸ್ಬೋದಿತ್ತು." "ನಮ್ಮಪ್ಪ... ಸ್ವಲ್ಪ ತಡಿ, ಅದು ನಮ್ಮಪ್ಪ." ನಗುತ್ತಿದ್ದವರು ಹಾಗೆಯೇ ಕಣ್ಣೊರೆಸಿಕೊಂಡರು. ಅಂದು ಟಾಕೀಸಿನಲ್ಲೂ ಊರಿನವರು ಹೀಗೆಯೇ ತಂತಮ್ಮ ಮುಖ ಹುಡುಕುತ್ತಿದ್ದಿರಬೇಕು. ಕುದುರೆಯ ತೊಡೆಯನ್ನು ನೋಡಿದವರು ಒಬ್ಬರೇ.

ಗೇಟು ತೆರೆಯಿತು. ಬಿಸ್ಕಿಟ್ ಸಿಡಿದು ಬಂದಳು. ಅವಳ ಹಿಂದೆ ಬೆಂಚುಗಳು, ಬೆಂಚುಗಳ ಹಿಂದೆ ಗುಡ್ಡ. ಸವಾರ ಗಾಳಿಗೆ ಹಾರಿ ಮುಖ ಅಡಿಯಾಗಿ ಬಿದ್ದ. ಸೈರನ್ ಕೂಗುವವರೆಗೆ ಯಾರೂ ಏಳಬಾರದೆಂದು ಚಿತ್ರೀಕರಣದ ದಿನ ಅಪ್ಪಣೆಯಾಗಿತ್ತು. ಎಲ್ಲರೂ ಕೂತಿದ್ದಾರೆ. ನಾಲ್ಕನೆಯ ಸಾಲಿನಲ್ಲಿ ಒಬ್ಬಳು ಮಾತ್ರ ಎದ್ದು, ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಾಳೆ.

"ನಿಲ್ಸು!" ಹೋಬರ್ಟ್ ಕೂಗಿದರು. "ಡೊರೀನ್, ಹಿಂದಕ್ಕೆ ತಗೋ."

"ಎಲ್ಲೀವರೆಗೆ ದೊಡ್ಡಪ್ಪ?"

"ನನ್ನ ಹೆಂಡ್ತಿ ಎದ್ದೇಳೋಕ್ ಮುಂಚೆ."

ಮತ್ತೆ ಬಿಸ್ಕಿಟ್ ಹಾರಿದಳು, ಮತ್ತೆ ಸವಾರ ಬಿದ್ದ, ಮತ್ತೆ ಎಡ್ನಾ ಎದ್ದಳು. ಚಿತ್ರ ಅಲ್ಲೇ ನಿಂತಿತು. ಮುದುಕ ಎದ್ದು ಗೋಡೆಯ ಹತ್ತಿರ ಹೋದರು. ಅವರ ನೆರಳು ಕುದುರೆಯ ಮೇಲೆ ಬಿತ್ತು.

"ಬಿದ್ದೋನು ನಮ್ಮ ಮಗನೇ ಅಂತ ಅವತ್ತು ಟಾಕೀಸಲ್ಲಿ ಬಡ್ಕೊಂಡ್ಳು. ಮಗನ ಪರ ಸುಳ್ಳು ಹೇಳ್ತಾಳೆ ಅಂದ್ಕೊಂಡೆ." ಗೋಡೆಯ ಮೇಲಿನ ಎಡ್ನಾಳ ಕೈಗೆ ಬೆರಳಿಟ್ಟರು. "ಅವಳ ಮದುವೆ ಉಂಗುರ ಯಾವ ಕೈಲಿದೆ?"

"ಬಲಗೈಲಿ," ಎಂದಳು ಡೊರೀನ್.

"ಸಾಯೋವರೆಗೂ ಅದನ್ನ ಎಡಗೈಯಿಂದ ತೆಗೀಲಿಲ್ಲ ಅವಳು."

ಹಿಂದಿನ ಸಾಲಿನಿಂದ ಯಾರೋ, "ಗುಡ್ಡ ನೋಡ್ರೋ, ಗುಡ್ಡ!" ಎಂದರು. ಮೈದಾನದಲ್ಲಿ ನಿಂತವರಿಗೆ ಕೊಡಲಿ ಗುಡ್ಡದ ಕಡಿದಾದ ಬಾಯಿ ಯಾವತ್ತೂ ಬಲಕ್ಕಿರುತ್ತದೆ. ಇಲ್ಲಿ ಅದು ಎಡಕ್ಕಿತ್ತು. ಡೊರೀನ್ ಕಂಪ್ಯೂಟರಿನ ಮೇಲೆ ಬಾಗಿ ಏನೇನೋ ಒತ್ತಿದಳು. ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲವಾಗಿ ಮಗುಚಿಕೊಂಡಿತು. ಗುಡ್ಡ ತನ್ನ ಜಾಗಕ್ಕೆ ಬಂತು. ಎಡ್ನಾಳ ಉಂಗುರ ಎಡಗೈಗೆ ಬಂತು. ಮತ್ತೊಮ್ಮೆ ಓಡಿಸಿದಾಗ ಸವಾರನ ಲಗಾಮು ಎಡಗೈಯಲ್ಲಿತ್ತು. ಬಿಸ್ಕಿಟ್‌ಳ ಎಡತೊಡೆಯ ಮೇಲೆ, ಧೂಳಿನ ನಡುವೆ, ಅಜ್ಜನ ಬೂಟು.

ನಾಯಕನ ಬಲಗೈಗೆ ಹೊಂದಲಿ ಎಂದು ಯಾವನೋ ಒಬ್ಬ ಎಲ್ಲೋ ತಂಪಾದ ಕೋಣೆಯಲ್ಲಿ ಕೂತು ಆ ತುಂಡನ್ನು ಮಗುಚಿ ಅಂಟಿಸಿದ್ದ. ಅದರ ಜೊತೆ ಒಂದು ಮನೆಯನ್ನೂ ಮಗುಚಿ ಹಾಕಿದ. ಅವನಿಗೆ ಇಂದಿಗೂ ಗೊತ್ತಿಲ್ಲ, ಗೊತ್ತಾದರೂ ಅವನ ಊಟ ಕೆಡುವುದಿಲ್ಲ.

ಹೋಬರ್ಟ್ ತಿರುಗಿ ಬಾಗಿಲಿನ ಕಡೆ ನೋಡಿದರು. "ನಾನು ಬಲತೊಡೆ ಮೇಲೆ ಬೂಟು ನೋಡ್ದೆ," ಎಂದರು. "ಬಲಗೈ ಸವಾರನ್ನ ನೋಡ್ದೆ. ನೀನು ಕುದುರೇನ ಮೆರ್ಲ್‌ಗೆ ಮಾರ್ಕೊಂಡೆ, ಹತ್ತಿದ್ದು ಅವನ ಕಡೆಯೋನು ಅಂದ್ಕೊಂಡೆ."

"ಕೇಳ್ಬೋದಿತ್ತಲ್ಲಪ್ಪಾ."

"ಕೇಳ್ಬೋದಿತ್ತು."

ಅಷ್ಟೇ. ಸಿನಿಮಾದಲ್ಲಿಯಂತೆ ಯಾರೂ ಯಾರನ್ನೂ ತಬ್ಬಿಕೊಳ್ಳಲಿಲ್ಲ. ಮುದುಕ ಟೋಪಿ ಹಾಕಿಕೊಂಡು ತಮ್ಮ ಟ್ರಕ್ಕಿನ ಕಡೆ ನಡೆದರು. ಗಾರ್ಲನ್ ಕುದುರೆಗಳಿಗೆ ನೀರು ತೋರಿಸಲು ಹೋದರು. ಮರುದಿನ ರೋಡಿಯೋದಲ್ಲಿ ಎಂದಿನಂತೆ ಹುಡುಗರನ್ನು ಎತ್ತಿ ಇಳಿಸಿದರು. ಒಂದೇ ವ್ಯತ್ಯಾಸ. ಒಬ್ಬ ಹುಡುಗ ಸುಖವಾಗಿ ನೆಲ ಮುಟ್ಟಿದಾಗ, ಎಲ್ಲರೂ ಅಂಕದ ಹಲಗೆ ನೋಡುತ್ತಿದ್ದಾಗ, ತುದಿಯ ಬೆಂಚಿನಲ್ಲಿ ಕೂತ ಮುದುಕನ ದೃಷ್ಟಿ ಬೂದು ಕುದುರೆಯ ಬೆನ್ನಿನ ಮೇಲಿತ್ತು.

ಆಮೇಲಿನ ಒಂದು ಮುಂಜಾನೆ ಗಾರ್ಲನ್‌ರ ಬೇಲಿಯ ಹತ್ತಿರ ಆ ಟ್ರಕ್ಕು ನಿಂತಿದೆ. ಹೋಬರ್ಟ್ ಹಿಂಬದಿಯಿಂದ ಗೋಣಿಚೀಲದಲ್ಲಿ ಸುತ್ತಿದ ಮುದ್ರೆಗೋಲನ್ನು ಇಳಿಸುತ್ತಾರೆ. ಡೊರೀನ್ ಬೆಂಕಿ ಹಾಕಿದ್ದಾಳೆ. ಜೋಳದ ಬಣ್ಣದ ಮೊದಲ ಮರಿಯನ್ನು ಹಗ್ಗ ಹಾಕಿ ಕೆಡವಿದ್ದಾರೆ. ಕಬ್ಬಿಣ ಕೆಂಪಗಾಗಿ, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿದಾಗ ಮುದುಕ ಅದನ್ನು ಮಗನಿಗೆ ಚಾಚುತ್ತಾರೆ.

"ನಿನ್ನ ಕೈ ಅಲ್ಲಾಡುತ್ತಾ?"

"ನಿನ್ನಷ್ಟಿಲ್ಲ ಬಿಡಪ್ಪಾ."

"ಹಂಗಾದ್ರೆ ಒತ್ತು. ಎಡತೊಡೆ." ಸುಟ್ಟ ಕೂದಲ ಹೊಗೆ ಏಳುತ್ತದೆ. ಮರಿ ಒದ್ದು ಎದ್ದು ಓಡುತ್ತದೆ. ಮುದುಕ ಕೆಮ್ಮುತ್ತಾ, "ಮುಂದಿನದಕ್ಕೆ ಬಲತೊಡೆ," ಎನ್ನುತ್ತಾರೆ. "ಅದು ಡೊರೀನ್‌ದು. ಮೆರ್ಲ್‌ಗೆ ಅನುಮಾನಪಟ್ಟಿದ್ದಕ್ಕೆ ನಾನು ಕೊಡಬೇಕಾಗಿದ್ದು."

"ಒದೆಯೋ ಮರಿ ಕೊಟ್ಟು ಋಣ ತೀರಿಸ್ಕೋತೀಯಾ ದೊಡ್ಡಪ್ಪ?" ಎನ್ನುವ ಡೊರೀನ್ ಹೊಗೆಯ ನೆಪದಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾಳೆ.

ಗಾರ್ಲನ್ ಬೇಲಿಗೆ ಒರಗಿ ಕೈಗವಸು ಕಳಚುತ್ತಾರೆ. ಅಂತೂ ಆ ಸಿನಿಮಾದಲ್ಲಿ ನಿಮ್ಮನ್ನು ನೀವು ನೋಡಿಕೊಂಡ ಹಾಗಾಯಿತಲ್ಲ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

"ನನ್ನ ಮುಖ ಎಲ್ಲೂ ಕಾಣಲ್ಲ. ಮೊದಲನೇ ಸಲ ಬಿದ್ದದ್ದನ್ನ ಅವರು ಬಿಸಾಕಿದ್ರು," ಎನ್ನುತ್ತಾರೆ. ಆಮೇಲೆ, ಆಚೆ ಓಡುತ್ತಿರುವ ಮರಿಯ ತೊಡೆಯನ್ನು ನೋಡುತ್ತಾ, "ಆದ್ರೆ ಅಷ್ಟು ಜನದಲ್ಲಿ ಅಮ್ಮ ಒಬ್ಬಳೇ ಎದ್ದು ನಿಂತಿದ್ಲು, ಕಂಡ್ರಾ?"