ಒಗ್ಗರಣೆಯಿಲ್ಲದ ಡಬ್ಬಾ

ನನ್ನ ವಿಸಿಟಿಂಗ್ ಕಾರ್ಡನ್ನು ಕಂಡರೆ ನನಗೇ ಸ್ವಲ್ಪ ನಾಚಿಕೆ. ಅದರಲ್ಲಿ ನನ್ನ ಹೆಸರಿನ ಕೆಳಗೆ ‘ಉದ್ಯಮಿ’ ಎಂದು ಅಚ್ಚಾಗಿದೆ. ಮಾಡಿಸಿದ್ದು ನನ್ನ ಗಂಡ. ನನ್ನ ಉದ್ಯಮವೆಂದರೆ ಇಷ್ಟೇ: ಮುಂಬಯಿಯ ವಡಾಲದ ನಮ್ಮ ಮನೆಯ ಅಡುಗೆಮನೆಯಲ್ಲಿ ಬೆಳಗ್ಗೆ ಎದ್ದು ಹುಳಿ, ಪಲ್ಯ, ಚಪಾತಿ, ಅನ್ನ ಮಾಡಿ, ಡಬ್ಬಾಗಳಿಗೆ ತುಂಬಿ, ಸುತ್ತಮುತ್ತಲಿನ ಬಿಲ್ಡಿಂಗುಗಳಿಗೆ ಕಳಿಸುವುದು. ಮೈಸೂರಿನಲ್ಲಿ ನಮ್ಮ ಅಜ್ಜಿ ಜೀವಮಾನವಿಡೀ ಮಾಡಿದ್ದೂ ಇದನ್ನೇ, ಡಬ್ಬಾ ಇರಲಿಲ್ಲ ಅಷ್ಟೆ. ಅವಳನ್ನು ಯಾರೂ ಉದ್ಯಮಿ ಎನ್ನಲಿಲ್ಲ. ಅಜ್ಜಿ ಎಲ್ಲಿ ಎಂದು ಕೇಳಿದರೆ ‘ಒಳಗಿದ್ದಾಳೆ’ ಎನ್ನುತ್ತಿದ್ದರು.

ಈ ಕಾರ್ಡಿನ ದೆಸೆಯಿಂದ ಕಳೆದ ತಿಂಗಳು ಸಾಂತಾಕ್ರೂಜ್‌ನ ಹೋಟೆಲೊಂದರಲ್ಲಿ ನಡೆದ ಮಹಿಳಾ ಉದ್ಯಮಿಗಳ ಸಭೆಗೆ ನನಗೂ ಕರೆ ಬಂತು. ಶಾಲು ಹೊದ್ದರೂ ನಡುಗುವಂಥ ಏಸಿ. ವೇದಿಕೆಯ ಮೇಲೆ ಕೋಟು ತೊಟ್ಟ ಹುಡುಗಿಯೊಬ್ಬಳು ಅತ್ತಿಂದಿತ್ತ ಓಡಾಡುತ್ತ, ‘ಕಾಮ್ ಪೆ ಅಪನೇ ಆಪ್ ಕೋ ಪೂರಾ ಲೇಕರ್ ಆಯಿಯೇ! ಆಧಾ ಘರ್ ಪೆ ಮತ್ ಛೋಡಿಯೇ!’ ಎಂದು ಹುರಿದುಂಬಿಸುತ್ತಿದ್ದಳು. ಕೆಲಸಕ್ಕೆ ನಿಮ್ಮನ್ನು ಪೂರ್ತಿಯಾಗಿ ತನ್ನಿ, ಅರ್ಧ ಮನೆಯಲ್ಲಿ ಬಿಡಬೇಡಿ, ಎಂದು. ನಮ್ಮ ಯಾವ ಭಾಗವನ್ನು ಮನೆಯಲ್ಲೇ ಬಿಟ್ಟು ಕೆಲಸಕ್ಕೆ ಹೋಗುತ್ತೇವೆ ಎಂದು ಒಬ್ಬೊಬ್ಬರಾಗಿ ಎದ್ದು ಹೇಳಬೇಕಂತೆ. ಒಬ್ಬಾಕೆ ತನ್ನ ಸಂಗೀತ ಎಂದಳು. ಇನ್ನೊಬ್ಬಾಕೆ ತನ್ನೊಳಗಿನ ಮಗು ಎಂದಳು, ಚಪ್ಪಾಳೆ ಬಿತ್ತು. ನನ್ನ ಸರದಿ ಬಂದಾಗ ಬಾಯಿಗೆ ಬಂದದ್ದು ‘ಮೊಣಕಾಲು ನೋವು’. ಎಲ್ಲರೂ ನಕ್ಕರು. ಅದನ್ನೂ ತನ್ನಿ ಎಂದು ಹುಡುಗಿ ಧಾರಾಳವಾಗಿ ಅಪ್ಪಣೆ ಕೊಟ್ಟಳು. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನನಗೆ ನೆನಪಾಗಿದ್ದು ನಮ್ಮ ಅಕ್ಕ. ಅಷ್ಟು ತಣ್ಣಗಿನ ಸಭೆಯಲ್ಲಿ ಅವಳ ಮಾತು ತೆಗೆಯಲು ಮನಸ್ಸಾಗಲಿಲ್ಲ. ನಿಮ್ಮ ಹತ್ತಿರ ಹೇಳಬಹುದು.

ಕೆಲಸಕ್ಕೆ ಅರ್ಧವೇ ಹೋಗುವ ವಿದ್ಯೆಯಲ್ಲಿ ನಾನೂ ಪಳಗಿದವಳೇ. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ವಿಕ್ರೋಳಿಯ ಒಂದು ಕಂಪನಿಯಲ್ಲಿ ಬಹಳ ವರ್ಷ ಗುಮಾಸ್ತಗಿರಿ ಮಾಡಿದೆ. ಅಪ್ಪ ತೀರಿಕೊಂಡಾಗ ಊರಿಗೆ ಹೋಗಿ ಬಂದವಳು ಮರುದಿನವೇ ಲೋಕಲ್ ಹಿಡಿದು ಆಫೀಸಿಗೆ ಹೋದೆ. ಸಾಹೇಬರು ‘ಸಾರಿ’ ಎಂದರು, ನಾನು ‘ಥ್ಯಾಂಕ್ಯೂ ಸರ್’ ಎಂದೆ. ಅಪ್ಪ ಸತ್ತದ್ದಕ್ಕೆ ಥ್ಯಾಂಕ್ಯೂ ಹೇಳಿದ ಮಗಳು ನಾನು. ಅಳು ಬಂದರೆ ಲೇಡೀಸ್ ಟಾಯ್ಲೆಟ್ಟು, ಮತ್ತೆ ಮುಖ ತೊಳೆದು ಟೇಬಲ್ಲು. ಹಾಗೆ ಬದುಕುವುದು ಕಷ್ಟವೆಂದು ನನಗೇನೂ ಅನ್ನಿಸುತ್ತಿರಲಿಲ್ಲ. ಎಲ್ಲರೂ ಹಾಗೇ ಇದ್ದರು.

ಅಲ್ಲಿಂದ ನನ್ನನ್ನು ಬಿಡಿಸಿದವಳು ಅಕ್ಕ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ಓರಗಿತ್ತಿ. ಅವಳ ತವರು ವಿಜಯಪುರ. ಒಂದೇ ಮಹಡಿಯಲ್ಲಿ ಎದುರುಬದುರು ಮನೆ ನಮ್ಮದು. ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಎನ್ನುತ್ತಾರಲ್ಲ, ನಾವು ಸೇರಿದ್ದಷ್ಟೇ ಅಲ್ಲ, ವ್ಯಾಪಾರವನ್ನೂ ಹೂಡಿದೆವು. ಸುಖವಾಗಿ ಸೇರಿದೆವು ಎಂದರೆ ಸುಳ್ಳಾದೀತು. ನನ್ನ ಹುಳಿಗೆ ಬೆಲ್ಲ ಮುಂದು, ಅವಳಿಗೆ ಖಾರ ಮುಂದು. ‘ಏ ಮೈಸೂರಾಕಿ, ಹುಳಿಗೆ ಬೆಲ್ಲ ಹಾಕೀಯೋ, ಬೆಲ್ಲಕ್ಕ ಹುಳಿ ಹಾಕೀಯೋ?’ ಎಂದು ದಿನಾ ಕೇಳುವಳು. ನಾನೂ ಸುಮ್ಮನಿರುತ್ತಿರಲಿಲ್ಲ. ನಿಮ್ಮೂರಲ್ಲಿ ಮೆಣಸಿನಕಾಯಿಯನ್ನು ತರಕಾರಿ ಎನ್ನುತ್ತಾರಂತೆ, ಹೌದಾ ಅಕ್ಕ, ಎಂದು ಕೇಳುತ್ತಿದ್ದೆ. ಕೊನೆಗೆ ಜಗಳವೇ ನಮಗೊಂದು ಏರ್ಪಾಡು ಮಾಡಿಕೊಟ್ಟಿತು. ಬೇಯಿಸುವುದು, ಕುದಿಸುವುದು, ಚಪಾತಿ ಎಲ್ಲ ನನ್ನದು, ಒಗ್ಗರಣೆ ಅವಳದು. ನಾನು ಎಲ್ಲ ಪಾತ್ರೆ ಇಳಿಸಿ ಕೈ ಒರೆಸಿಕೊಂಡು ಪಕ್ಕಕ್ಕೆ ಸರಿದರೆ, ಅವಳು ಒಗ್ಗರಣೆ ಸೌಟು ಹಿಡಿದು ಬರುವಳು. ಸಾಸಿವೆ, ಇಂಗು, ಕರಿಬೇವು, ಬ್ಯಾಡಗಿ ಮೆಣಸಿನಕಾಯಿ. ಚೊಂಯ್ ಎಂದ ಕೂಡಲೇ ಮುಚ್ಚಳ. ಆಮೇಲೆ ಡಬ್ಬಾ ತುಂಬುವುದು. ವರ್ಷಗಟ್ಟಲೆ ಹೀಗೇ ನಡೆಯಿತು.

ಆಗೆಲ್ಲ ನಾವು ನಮ್ಮನ್ನು ಪೂರ್ತಿಯಾಗಿಯೇ ಕೆಲಸಕ್ಕೆ ತರುತ್ತಿದ್ದೆವು, ತರದೇ ಬೇರೆ ದಾರಿಯಿರಲಿಲ್ಲ. ಅಡುಗೆಮನೆಯೇ ಆಫೀಸಾದರೆ ನಿಮ್ಮ ಅರ್ಧವನ್ನು ಎಲ್ಲಿ ಬಿಟ್ಟು ಬರುತ್ತೀರಿ? ಗಂಡನ ಜೊತೆ ಜಗಳವಾಗಿದ್ದರೆ ಚಪಾತಿ ದಪ್ಪಗಾಗುತ್ತಿತ್ತು. ಅಕ್ಕನ ಮಗಳ ಪರೀಕ್ಷೆಯ ದಿನ ಪಲ್ಯಕ್ಕೆ ಎರಡು ಸಲ ಉಪ್ಪು ಬಿದ್ದಿತ್ತು. ಅದಕ್ಕೆ ನಾವು ಯಾವ ಹೆಸರನ್ನೂ ಇಟ್ಟಿರಲಿಲ್ಲ. ಸಾಂತಾಕ್ರೂಜ್‌ನಲ್ಲಿ ಇಡುತ್ತಾರೆ ಎಂದು ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಜ್ವರವೆಂದು ಆಸ್ಪತ್ರೆಗೆ ಹೋದ ಅಕ್ಕ ವಾಪಸು ಬರಲಿಲ್ಲ. ಅದರ ವಿವರ ಬೇಡ. ವಿವರ ಹೇಳಿದರೆ ಏನೋ ಅರ್ಥವಾಗುತ್ತದೆ ಎಂದು ಮೊದಮೊದಲು ಬಂದವರಿಗೆಲ್ಲ ಹೇಳುತ್ತಿದ್ದೆ, ಆಗಲಿಲ್ಲ. ಡಬ್ಬಾದ ಗಿರಾಕಿಗಳಿಗೆ ಮೊಬೈಲಿನಲ್ಲಿ ಸುದ್ದಿ ತಿಳಿಸಿ, ಸೂತಕ ಕಳೆಯುವವರೆಗೆ ಅಡುಗೆ ಇಲ್ಲ ಎಂದೆವು. ಸೂತಕದ ಮನೆಯ ಊಟವನ್ನು ಬೇರೆಯವರು ಉಣ್ಣುವುದಿಲ್ಲವಲ್ಲ.

ನಮ್ಮಲ್ಲಿ ಆ ದಿನಗಳಲ್ಲಿ ಅಡುಗೆಗೆ ಒಗ್ಗರಣೆ ಹಾಕುವುದಿಲ್ಲ. ಬೇಯಿಸಿದ ಬೇಳೆ, ಅನ್ನ, ಉಪ್ಪು. ಇದಕ್ಕೆ ಶಾಸ್ತ್ರದ ಕಾರಣ ಏನೇ ಇರಲಿ, ನನಗೆ ತೋಚಿದ್ದು ಬೇರೆ. ಒಗ್ಗರಣೆಯೆಂದರೆ ಸಾರುವುದು. ಹಪ್ಪಳ ಕರಿದರೆ ಪಕ್ಕದ ಮನೆಗೆ ಗೊತ್ತಾಗುತ್ತದೆ, ಒಗ್ಗರಣೆ ಕೊಟ್ಟರೆ ಇಡೀ ಬಿಲ್ಡಿಂಗಿಗೆ ಗೊತ್ತಾಗುತ್ತದೆ. ಈ ಮನೆಯವರು ಇವತ್ತು ರುಚಿಯಾಗಿ ಉಣ್ಣುತ್ತಿದ್ದಾರೆ ಎಂದು ಲಿಫ್ಟಿನಲ್ಲಿ ಹೋಗುವವರಿಗೂ ಅದು ಹೇಳಿಬಿಡುತ್ತದೆ. ಸತ್ತವರ ಮನೆಯಲ್ಲಿ ಹಾಗೆ ಸಾರಬಾರದು ಎಂದು ಯಾರೋ ಹಿರಿಯಳು, ಖಂಡಿತ ಹೆಂಗಸೇ, ಯಾವತ್ತೋ ಗೊತ್ತುಮಾಡಿರಬೇಕು. ರಸದ ಬಗ್ಗೆ ಬರೆದ ಪಂಡಿತರು ಶೋಕವೇ ಕರುಣರಸವಾಗುತ್ತದೆ ಎನ್ನುತ್ತಾರೆ. ನಾಟಕ ನೋಡುವವನಿಗೆ ಆದೀತು. ಮನೆಯಲ್ಲಿ ಒಬ್ಬರು ಕಡಿಮೆಯಾದವರಿಗೆ ಶೋಕ ಬರೀ ಶೋಕವೇ, ನಾಲಿಗೆಗೆ ರಸವೇ ಹತ್ತುವುದಿಲ್ಲ. ಬೇಳೆ ಸಪ್ಪೆಯಾಗಿದೆ ಎಂದು ಆ ದಿನಗಳಲ್ಲಿ ನಮಗೆ ಒಬ್ಬರಿಗೂ ಅನ್ನಿಸಲಿಲ್ಲ.

ಹದಿಮೂರನೆಯ ದಿನದ ಊಟವನ್ನು ಅಡುಗೆಯವರು ಬಂದು ಮಾಡಿದರು. ಅಂದು ರಾತ್ರಿ ಗಂಡ ಮೆಲ್ಲಗೆ, ‘ಸಾಕು, ಡಬ್ಬಾ ನಿಲ್ಲಿಸಿಬಿಡು. ಒಬ್ಬಳೇ ಎಲ್ಲಿ ಮಾಡ್ತೀಯಾ?’ ಎಂದರು. ಅವರು ಹೇಳಿದ್ದು ಸರಿಯೇ. ಆದರೆ ಡಬ್ಬಾ ನಿಂತರೆ ಅಕ್ಕ ಇನ್ನೊಂದು ಸಲ ಹೋದಂತೆ ಎಂಬ ಹೆದರಿಕೆ ನನಗೆ. ಎದುರು ಮನೆಯ ಬಾಗಿಲು ಹೇಗೂ ಮುಚ್ಚಿತ್ತು, ಭಾವನವರು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ನಮ್ಮಿಬ್ಬರದೆಂದು ಉಳಿದದ್ದು ಇದೊಂದೇ. ‘ನಾಳೆ ಒಂದು ದಿನ ಮಾಡಿ ನೋಡ್ತೀನಿ. ಕೈಲಾಗದಿದ್ದರೆ ನಿಲ್ಲಿಸಿಬಿಡ್ತೀನಿ’ ಎಂದೆ.

ಮರುದಿನ ಬೇಳೆ ಬೇಯಿಸಿದೆ, ಹುಳಿ ಕುದಿಸಿದೆ, ಬೀನ್ಸ್ ಪಲ್ಯ ಮಾಡಿದೆ. ಪಾತ್ರೆ ಇಳಿಸಿ, ಕೈ ಒರೆಸಿಕೊಂಡು, ಪಕ್ಕಕ್ಕೆ ಸರಿದು ನಿಂತೆ. ಸ್ವಲ್ಪ ಹೊತ್ತು ನಿಂತೇ ಇದ್ದೆ. ಡಬ್ಬಾ ಒಯ್ಯುವ ಮರಾಠಿ ಆಳು, ನಾವು ಭಾವು ಎಂದು ಕರೆಯುವವನು, ಬೆಲ್ ಮಾಡಿದ. ಗಡಿಬಿಡಿಯಲ್ಲಿ ಎಲ್ಲವನ್ನೂ ತುಂಬಿ, ಮುಚ್ಚಳ ಒತ್ತಿ ಕಳಿಸಿಬಿಟ್ಟೆ. ಒಬ್ಬಳೇ ಹೊತ್ತಿಗೆ ಸರಿಯಾಗಿ ಮುಗಿಸಿದೆನಲ್ಲ ಎಂದು ಒಂದಿಷ್ಟು ಜಂಭವೂ ಬಂತು.

ಮಧ್ಯಾಹ್ನ ತಟ್ಟೆಗೆ ಬಡಿಸಿಕೊಂಡಾಗ ಕಂಡಿತು. ಹುಳಿಯ ಮೇಲೆ ಒಂದು ಸಾಸಿವೆ ಕಾಳಿಲ್ಲ, ಪಲ್ಯದಲ್ಲಿ ಒಂದು ಕರಿಬೇವಿನ ಎಲೆಯಿಲ್ಲ. ನನ್ನ ಕೈ ತನ್ನ ಕೆಲಸ ಮುಗಿಸಿ, ಎಂದಿನಂತೆ ಅಕ್ಕನಿಗೆ ಜಾಗ ಬಿಟ್ಟು, ಅವಳು ಬರಲೆಂದು ಕಾದು ನಿಂತಿತ್ತು. ಅವಳಿಲ್ಲವೆಂದು ತಲೆಗೆ ತಿಳಿದಿತ್ತು, ಕೈಗೆ ಯಾರೂ ಹೇಳಿರಲಿಲ್ಲ. ಅಷ್ಟೂ ಮನೆಗಳಿಗೆ ನಾನು ಸಾವಿನ ಮನೆಯ ಊಟ ಕಳಿಸಿದ್ದೆ.

ತಟ್ಟೆ ಸರಿಸಿ ಎದ್ದೆ. ನನಗೆ ಎಲ್ಲರಿಗಿಂತ ಹೆಚ್ಚು ಹೆದರಿಕೆ ಜೋಶಿ ಆಜಿಯದು. ಮೂರನೇ ಬಿಲ್ಡಿಂಗಿನ ಮರಾಠಿ ಮುದುಕಿ, ಮಡಿ ಮೈಲಿಗೆಯಲ್ಲಿ ಬಲು ಬಿಗಿ. ಮನೆಯಲ್ಲಿ ತುಂಬಿದ ಬಸುರಿ ಸೊಸೆ ಬೇರೆ. ಒಗ್ಗರಣೆಯಿಲ್ಲದ ಊಟದ ಅರ್ಥ ಅವರಲ್ಲೂ ಅದೇ. ಇನ್ನು ಡಬ್ಬಾ ನಿಂತ ಹಾಗೆಯೇ ಎಂದುಕೊಳ್ಳುವಷ್ಟರಲ್ಲಿ ಅವಳದೇ ಫೋನು. ‘ಆಜ್ ಫೋಡಣಿ ದಿಲೀ ನಾಹೀ ಕಾ ಗ?’ ಇವತ್ತು ಒಗ್ಗರಣೆ ಕೊಡಲಿಲ್ಲವೇನೇ, ಎಂದು. ಒಗ್ಗರಣೆ ಮರೆತೆ ಆಜಿ, ಅದು ಅಕ್ಕನ ಕೆಲಸವಾಗಿತ್ತು, ಎಂದಷ್ಟೇ ಹೇಳಲು ಸಾಧ್ಯವಾಯಿತು. ಆ ಕಡೆ ಅವಳು ಸೊಸೆಗೆ ಏನೋ ಹೇಳುವುದು ಕೇಳಿಸಿತು. ಆಮೇಲೆ, ‘ಅಸೂ ದೇ, ಬಾಳ. ಜೇವಲೋ ಆಮ್ಹೀ’ ಎಂದಳು. ಇರಲಿ ಮಗು, ನಾವು ಉಂಡೆವು, ಎಂದು.

ಸಂಜೆ ಕುಲಕರ್ಣಿ ಕಾಕಾ ಫೋನು ಮಾಡಿದರು. ಅವರೂ ವಿಜಯಪುರದ ಕಡೆಯವರು, ಹೆಂಡತಿ ಹೋದ ಮೇಲೆ ನಮ್ಮ ಡಬ್ಬಾದ ಮೇಲೆಯೇ ಇರುವವರು. ಅಕ್ಕನನ್ನು ದೊಡ್ಡ ವೈನಿ ಎಂದೂ ನನ್ನನ್ನು ಸಣ್ಣ ವೈನಿ ಎಂದೂ ಕರೆಯುತ್ತಿದ್ದರು. ವೈನಿ ಎಂದರೆ ಅವರ ಕಡೆ ಅತ್ತಿಗೆ. ‘ಸಣ್ಣ ವೈನಿ, ಭಾಳ ಛಲೋ ಮಾಡಿದ್ರಿ. ದೊಡ್ಡ ವೈನಿ ಹೋದದ್ದು ನಿಮ್ಮನಿಗಷ್ಟ ಅಲ್ಲರಿ. ಇಷ್ಟು ವರ್ಷ ಅವರ ಕೈಯಾಗಿನ ಒಗ್ಗರಣಿ ಉಂಡವರು ನಾವು. ನಮಗೂ ಒಂದಿನ ಸೂತಕ ಬ್ಯಾಡೇನ್ರಿ?’ ಎಂದರು. ನಾನು ಬೇಕೆಂದೇ ಹಾಗೆ ಕಳಿಸಿದೆನೆಂದು ಅವರ ಎಣಿಕೆ. ಇಲ್ಲ ಕಾಕಾ, ಮರೆತದ್ದು, ಎನ್ನಲು ಬಾಯಿ ತೆರೆದೆ, ಅಳು ಬಂದುಬಿಟ್ಟಿತು. ಫೋನಿನಲ್ಲಿ ಗಿರಾಕಿಯ ಎದುರು ಗೊಳೋ ಎಂದು ಅತ್ತೆ. ಅವರು ಫೋನು ಇಡದೆ ಮುಗಿಯುವ ತನಕ ಕೇಳಿದರು. ಬೇರೆ ಯಾರಿಂದಲೂ ಅಂದು ದೂರು ಬರಲಿಲ್ಲ. ಖಾಲಿ ಡಬ್ಬಾಗಳು ವಾಪಸು ಬಂದವು, ಒಂದರಲ್ಲೂ ಅನ್ನ ಉಳಿದಿರಲಿಲ್ಲ.

ಸಾಂತಾಕ್ರೂಜ್‌ನ ಹುಡುಗಿಗೆ ಇದನ್ನು ಹೇಳಿದ್ದರೆ ಚಪ್ಪಾಳೆ ತಟ್ಟಿಸುತ್ತಿದ್ದಳೇನೋ. ಆದರೆ ನಾನು ಏನನ್ನೂ ತಂದಿರಲಿಲ್ಲವಮ್ಮ. ನಾನು ಅಂದು ಅರ್ಧವೇ ಇದ್ದೆ, ಇದ್ದಷ್ಟನ್ನು ಕಳಿಸಿದೆ. ಇನ್ನರ್ಧವನ್ನು ಉಣ್ಣುವವರು ತಾವಾಗಿಯೇ ತುಂಬಿಕೊಂಡರು. ಇಂಥದ್ದು ದಿನಾ ನಡೆಯುತ್ತದೆಂದು ನೆಚ್ಚಿಕೊಂಡು ವ್ಯಾಪಾರ ಹೂಡಬಾರದು ಎಂಬುದೂ ನನಗೆ ಮರುದಿನವೇ ತಿಳಿಯಿತು.

ಮರುದಿನ ಒಗ್ಗರಣೆ ಸೌಟನ್ನು ನಾನೇ ಹಿಡಿದೆ. ಎಣ್ಣೆ ಕಾಯಿತು, ಸಾಸಿವೆ ಹಾಕಿದೆ. ಅದು ಸಿಡಿದ ಸದ್ದಿಗೆ, ಇಂಗಿನ ಘಮಕ್ಕೆ, ಕಣ್ಣು ತುಂಬಿ ಒಲೆಯೇ ಕಾಣದಾಯಿತು. ಸಾಸಿವೆ ಸೀದಿದೆ ಎಂದು ಮೂಗು ಹೇಳುವ ಹೊತ್ತಿಗೆ ತಡವಾಗಿತ್ತು. ಬೇರೆ ಮಾಡಲು ಸಮಯವಿಲ್ಲ, ಭಾವು ಬಾಗಿಲಲ್ಲಿ ನಿಂತಿದ್ದ. ಹಾಗೆಯೇ ಸುರಿದು ಕಳಿಸಿದೆ.

ಮಧ್ಯಾಹ್ನ ಶುರುವಾಯಿತು ನೋಡಿ. ಮೊದಲು ಕುಲಕರ್ಣಿ ಕಾಕಾ: ‘ಏನ್ರಿ ಸಣ್ಣ ವೈನಿ, ಸಾಸಿವಿ ಇದ್ದಲಿ ಆಗ್ಯಾವು. ಹುಳಿ ಬಾಯಾಗ ಇಡ್ಲಿಕ್ಕೆ ಆಗವಲ್ತು. ಒಲಿ ಮುಂದ ನಿಂತು ಎಲ್ಲಿ ನೋಡ್ಲಿಕತ್ತಿದ್ರಿ?’ ಅವರು ಮುಗಿಸುವಷ್ಟರಲ್ಲಿ ಇನ್ನೊಂದು ಫೋನು, ಮತ್ತೊಂದು. ಜೋಶಿ ಆಜಿಯಂತೂ ಒಗ್ಗರಣೆ ಕೊಡುವುದು ಹೇಗೆಂದು ಮೊದಲಿನಿಂದ ಪಾಠ ಹೇಳಿಕೊಟ್ಟಳು. ಹಿಂದಿನ ದಿನ ಕಣ್ಣು ಒರೆಸಿದವರೇ ಇವರು! ದುಃಖವನ್ನು ಜನ ನಮ್ಮ ಜೊತೆ ಒಂದು ದಿನ ಉಣ್ಣುತ್ತಾರೆ, ಎರಡನೆಯ ದಿನ ಒಗ್ಗರಣೆ ಕೇಳುತ್ತಾರೆ. ಅದು ನ್ಯಾಯವೇ. ಅಕ್ಕ ಹೋದಂದಿನಿಂದ ಮನೆಯವರು, ನೆಂಟರು, ನೆರೆಯವರು, ಎಲ್ಲರೂ ನನ್ನ ಜೊತೆ ಪಿಸುದನಿಯಲ್ಲಿ ಮಾತಾಡುತ್ತಿದ್ದರು, ನಾನೇ ರೋಗಿಯೇನೋ ಎಂಬಂತೆ. ನನ್ನನ್ನು ಬಾಯ್ತುಂಬ ಬೈದವರು ಒಬ್ಬರೂ ಇರಲಿಲ್ಲ. ಅಂದು ಅಷ್ಟು ಮನೆಗಳವರು ಸೇರಿ ಬೈದಾಗ ಡಬ್ಬಾ ನಿಲ್ಲುವುದಿಲ್ಲವೆಂದು ನನಗೆ ಗೊತ್ತಾಯಿತು.

ಮೂರನೆಯ ದಿನ ಒಗ್ಗರಣೆ ಹದವಾಗಿ ಬಂತು. ಊಟದ ಹೊತ್ತು ಮೀರುವವರೆಗೆ ಮೊಬೈಲನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದೆ. ಯಾರೂ ಫೋನು ಮಾಡಲಿಲ್ಲ. ಸರಿಯಾಗಿದ್ದರೆ ಯಾರು ಮಾಡುತ್ತಾರೆ, ಹೇಳಿ.