ಗಬ್ಬದ ಕುರಿಯ ಉಸಿರು

ಶ್ರೀರಂಗಪಟ್ಟಣದಲ್ಲಿ ಒಮ್ಮೆ ಯಾರೋ ಧ್ಯಾನ ಹೇಳಿಕೊಡ್ತಾರೆ ಅಂತ ಹೋಗಿ ಕೂತಿದ್ದೆ. ಕಣ್ಣು ಮುಚ್ಚಿದ ತಕ್ಷಣ ಮುಂದಿನ ಬಸ್ಸು ನೆನಪಾಯಿತು, ಎದ್ದು ಬಂದೆ. ಒಂದು ಕಡೆ ಕೂರುವ ಆಸಾಮಿ ನಾನಲ್ಲ. ಊರೂರು ತಿರುಗಿ ಕುರಿಯ ಉಣ್ಣೆ ಕತ್ತರಿಸುವವನು.

ಹೋದ ಬೇಸಿಗೆಯಲ್ಲಿ ಬಿಂಡಿಗನವಿಲೆಯ ಒಬ್ಬ ಅಜ್ಜಿಯ ಮನೆಗೆ ಅವಳ ಕುರಿಗಳ ಉಣ್ಣೆ ಕತ್ತರಿಸಲು ಹೋಗಿದ್ದೆ. ಕೊನೆಗೆ ಉಳಿದದ್ದು ಒಂದು ಗಬ್ಬದ ಕುರಿ. ಮೈತುಂಬ ರಕ್ತ ಹೀರುವ ಉಣ್ಣಿಹುಳ, ತುಪ್ಪಟ ಕತ್ತರಿಸದೆ ಬಿಡುವ ಹಾಗಿರಲಿಲ್ಲ. ನಾನು ಬಿಗಿ ಹಿಡಿದಷ್ಟೂ ಅದರ ಒದ್ದಾಟ ಹೆಚ್ಚಾಯಿತು. ಹೀಗೇ ಆದರೆ ಹೊಟ್ಟೆಯೊಳಗಿನ ಮರಿ ಉಳಿಯುವುದಿಲ್ಲ ಅಂತ ನನಗೂ ಹೆದರಿಕೆ.

“ಲೇ, ಕತ್ರಿ ಕೆಳಗಿಡ್ಲಾ!” ಅಂದಳು ಅಜ್ಜಿ. “ನಿನ್ ಎದೆ ಬಡ್ಕೊಳ್ಳೋದು ಅದಕ್ಕೆ ಕೇಳ್ತದೆ ಕಣ್ಲಾ. ಮೊದ್ಲು ನೀನು ಸುಮ್ಕಾಗು.”

“ಸುಮ್ಕೇ ಇವ್ನಿ ಕಣವ್ವ.”

“ಬಾಯಿ ಸುಮ್ಕದೆ, ಮೈಯೆಲ್ಲ ಓಡ್ತಾ ಅದೆ. ಕಣ್ ಮುಚ್ಚು, ಉಸ್ರು ನಿಧಾನಕ್ಕೆ ಬುಡು.”

ಕುರಿಯ ತಲೆಯನ್ನು ತೊಡೆ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದೆ. ಮೊದಲು ತಲೆಯೊಳಗೆ ಅದೇ ಬಸ್ಸು ಬಂತು, ಹೋಯಿತು. ಆಮೇಲೆ ನನ್ನ ಉಸಿರು ನನಗೇ ಕೇಳಿಸಿತು. ಎಷ್ಟು ಹೊತ್ತಾಯಿತೋ, ಕುರಿಯ ಏದುಸಿರೂ ಇಳಿದು ನನ್ನ ಉಸಿರಿನ ಜೊತೆಗೇ ಏಳುತ್ತಾ ಬೀಳುತ್ತಾ ಇತ್ತು. ಅದರ ಹೊಟ್ಟೆಯ ಮೇಲಿದ್ದ ನನ್ನ ಅಂಗೈಗೆ ಒಳಗಿನಿಂದ ಮರಿ ಮೆಲ್ಲಗೆ ಒದೆಯಿತು. ನೂರಾರು ಕುರಿ ಹಿಡಿದ ಕೈ ಇದು, ಒಂದನ್ನೂ ಹೀಗೆ ಮುಟ್ಟಿರಲಿಲ್ಲ.

ಕತ್ತರಿಸಿ ಮುಗಿಸುವವರೆಗೂ ಕುರಿ ಮಿಸುಕಲಿಲ್ಲ.

ಈಗ ದಿನಾ ಬೆಳಗ್ಗೆ ಕಣ್ಣು ಮುಚ್ಚಿ ಕೂರುತ್ತೇನೆ. ಸಿಡುಕು ಕಡಿಮೆಯಾಗಿದೆ, ನಿದ್ದೆ ಚೆನ್ನಾಗಿ ಬರುತ್ತದೆ. ಆದರೆ ನಿಜ ಹೇಳಬೇಕೆಂದರೆ, ಎರಡೇ ನಿಮಿಷಕ್ಕೆ ಬಸ್ಸೂ ಬರುತ್ತದೆ. ತೊಡೆಯ ಮೇಲೆ ಕುರಿ ಇದ್ದರೆ ಮಾತ್ರ ಆ ಬಸ್ಸು ನಿಲ್ಲದೆ ಹೋಗುತ್ತದೆ.