ಬೆಕ್ಕು ಒಪ್ಪಿದ ಹುರುಪೆಯ ಜಡೆ

ಬೋಳಾರದ ರಾಜೀವಿಯಕ್ಕನ ಮನೆಗೆ ಹೋದವರು ಬರಿಗೈಯಲ್ಲಿ ಹಿಂದೆ ಬಂದದ್ದನ್ನು ನಾನು ಕಾಣೆ. ಮಕ್ಕಳಿಗಾದರೆ ಚಿಪ್ಪಿನಿಂದ ಮಾಡಿದ ಒಂದು ಗಿಳಿ ಸಿಗುತ್ತಿತ್ತು. ಕಾಯಿಲೆ ಬಿದ್ದು ಎದ್ದವರಿಗೆ ಹಳೆಯ ಸೀರೆಯ ಅಂಚು ಹೊಲಿದ ಬೀಸಣಿಗೆ. ಇವುಗಳಿಗೆಂದು ಅವರು ಅಂಗಡಿಗೆ ಹೋದದ್ದಿಲ್ಲ. ಹೊಳೆಯ ಬದಿಯಲ್ಲಿ ಬಿದ್ದದ್ದು, ಅಡುಗೆಮನೆಯಲ್ಲಿ ಉಳಿದದ್ದು, ಇವೇ ಅವರಿಗೆ ಸಾಕು. ಗಂಡ ಸೇಸಪ್ಪಣ್ಣ ಅಂಗಳಕ್ಕೆ ಏನನ್ನಾದರೂ ಎಸೆಯುವ ಮೊದಲು ಹೆಂಡತಿಯ ಮುಖ ನೋಡುತ್ತಿದ್ದರು. "ಒಂದು ದಿನ ನನ್ನನ್ನೂ ಕತ್ತರಿಸಿ ಗೋಡೆಗೆ ತೂಗಿಸ್ತಾಳೆ ಇವಳು" ಎಂದು ನೆರೆಯವರೊಡನೆ ಹೇಳಿ ನಗುತ್ತಿದ್ದರು.

ಅವರು ಮಾಡುತ್ತಿದ್ದ ವಸ್ತುಗಳಲ್ಲೆಲ್ಲ ಚಂದದ್ದು ಮೀನಿನ ಮೈಮೇಲಿನ ಹುರುಪೆಯ ಹೂ. ಕೆಂಬೇರಿಯಂಥ ದೊಡ್ಡ ಮೀನಿನ ಹುರುಪೆ ಕಾಲಾಣೆಯ ಬಿಲ್ಲೆಯಷ್ಟು ಅಗಲ ಇರುತ್ತದೆ. ಮೀನು ಹೆರೆದ ಮೇಲೆ ಹೆಂಗಸರು ಅದನ್ನು ತೆಂಗಿನ ಬುಡಕ್ಕೆ ಸುರಿಯುತ್ತಾರೆ. ರಾಜೀವಿಯಕ್ಕ ಅದನ್ನು ಒಟ್ಟುಮಾಡಿ ಉಪ್ಪುನೀರು, ಬೂದಿನೀರು, ಬಿಂಬುಳಿಕಾಯಿಯ ಹುಳಿರಸ ಎಂದು ಒಂಬತ್ತು ನೀರಿನಲ್ಲಿ ತೊಳೆಯುತ್ತಿದ್ದರು. ಒದ್ದೆಯಿರುವಾಗಲೇ ಎಸಳಿನ ಆಕಾರಕ್ಕೆ ಕತ್ತರಿಸಿ, ಬುಡದಲ್ಲಿ ಸೂಜಿಯಿಂದ ತೂತು ಮಾಡಿ, ನೆರಳಿನಲ್ಲಿ ಇಟ್ಟರೆ ಅದು ಒಣಗುತ್ತಾ ತಾನಾಗಿಯೇ ಒಳಕ್ಕೆ ಬಾಗುತ್ತದೆ. ಅರಸಿನದ ನೀರಿನಲ್ಲಿ ಅದ್ದಿದರೆ ಸೇವಂತಿಗೆಯ ಬಣ್ಣ, ಬಸಳೆಯ ಹಣ್ಣಿನ ರಸಕ್ಕೆ ಹಾಕಿದರೆ ನೇರಳೆ. ಏನೂ ಮಾಡದೆ ಬಿಟ್ಟರೆ ಮಲ್ಲಿಗೆ. ದೀಪದ ಎದುರಿಗೆ ಹಿಡಿದರೆ ಬೆಳಕು ಹೂವಿನೊಳಗೇ ಹುಟ್ಟಿದಂತೆ ಕಾಣುತ್ತದೆ. ದೇವರು ಮೀನಿನ ಮೈಗೆ ಹೊದೆಸಿದ್ದು ಇಷ್ಟು ಚಂದದ್ದೆಂದು ಅವರ ಹೂ ನೋಡುವವರೆಗೆ ನನಗೂ ಗೊತ್ತಿರಲಿಲ್ಲ.

ಈ ಕೆಲಸ ಅವರಿಗೆ ಯಾರೂ ಕಲಿಸಿದ್ದಲ್ಲ. ಅದರ ಕತೆಯನ್ನು ಅವರು ಹೂ ಕಟ್ಟುತ್ತಾ ಕಟ್ಟುತ್ತಾ, ಎಷ್ಟೋ ಸಂಜೆಗಳಲ್ಲಿ ನನಗೆ ಸ್ವಲ್ಪ ಸ್ವಲ್ಪವೇ ಹೇಳಿದರು.

ಅವರ ತಂದೆ ಕಿಟ್ಟು, ದೋಣಿಯಲ್ಲಿ ಕಡಲಿಗೆ ಹೋಗುವವರು. ಆದರೂ ಮಗಳನ್ನು ಬಲ್ಮಠದ ಕಡೆಯ ಒಂದು ಹೆಣ್ಣುಮಕ್ಕಳ ಶಾಲೆಗೆ ಐದನೆಯ ಕ್ಲಾಸಿನವರೆಗೆ ಕಳಿಸಿದ್ದರು. ಅಲ್ಲಿ ಶುಕ್ರವಾರ ಮಧ್ಯಾಹ್ನ ಕೈಕೆಲಸದ ಪಾಠ. ಮಕ್ಕಳು ಮನೆಯಿಂದ ಬಣ್ಣದ ಕಾಗದ, ಉಣ್ಣೆ, ಮಣಿ ತರಬೇಕು. ರಾಜೀವಿಯ ಮನೆಯಲ್ಲಿ ಇದ್ದದ್ದು ಹುರುಪೆ ಮಾತ್ರ. ಅದನ್ನೇ ಎಲೆಯಲ್ಲಿ ಕಟ್ಟಿಕೊಂಡು ಹೋಗಿ ಬೆಂಚಿನ ಮೇಲೆ ಬಿಚ್ಚಿದಳು. ಹುಡುಗಿಯರು ಮೂಗು ಮುಚ್ಚಿಕೊಂಡು ದೂರ ಸರಿದರು. ಸರಿಯದೆ ಕುಳಿತವಳು ಒಬ್ಬಳೇ, ಶಶಿಪ್ರಭಾ. ಕಾವೂರಿನ ದೊಡ್ಡ ಬಂಟರ ಮನೆತನದ ಹುಡುಗಿ, ಫಳ್ನೀರಿನಲ್ಲಿ ವಕೀಲರಾಗಿದ್ದ ಸೋದರಮಾವ ಮಹಾಬಲ ಶೆಟ್ಟರ ಮನೆಯಿಂದ ಶಾಲೆಗೆ ಬರುತ್ತಿದ್ದಳು. ಅವಳು ಒಂದು ಹುರುಪೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ರಾಜಿ, ನನ್ನ ಮದುವೆಗೆ ಜಡೆ ನೀನೇ ಮಾಡ್ಬೇಕು, ಇದರದ್ದೇ. ಬೇರೆ ಜಡೆ ನಾನು ಹಾಕುದಿಲ್ಲ" ಎಂದಳು.

"ಆಯ್ತು ಶಶಿ" ಎಂದಳು ರಾಜೀವಿ.

ಇಬ್ಬರಿಗೂ ಆಗ ಹತ್ತು ವರ್ಷ.

ಮತ್ತೆ ಹತ್ತು ವರ್ಷ ಕಳೆಯಿತು. ರಾಜೀವಿಯಕ್ಕ ಸೇಸಪ್ಪಣ್ಣನನ್ನು ಮದುವೆಯಾಗಿ, ಮೀನಿನ ಬುಟ್ಟಿ ಹೊತ್ತು ಫಳ್ನೀರಿನ ಏರು ಹತ್ತುವವರಾದರು. ಶೆಟ್ಟರ ಮನೆಗೂ ಹೋಗುತ್ತಿದ್ದರು, ಹಿಂಬಾಗಿಲಿಗೆ. ಬಾವಿಕಟ್ಟೆಯ ಹತ್ತಿರ ಬುಟ್ಟಿ ಇಳಿಸಿದರೆ ಒಳಗಿನಿಂದ ಯಾರಾದರೂ ಬಂದು ಮೀನು ಆರಿಸುತ್ತಿದ್ದರು. ಒಮ್ಮೊಮ್ಮೆ ಶಶಿಪ್ರಭಾ ಅವರೇ ಬರುವುದಿತ್ತು. ಆಗ ಇಬ್ಬರೂ ನಗುತ್ತಿದ್ದರು, ಮಾತು ಮಾತ್ರ ಮೀನಿನದ್ದೇ. 'ಶಶಿ' ಎಂದು ಕರೆಯುತ್ತಿದ್ದವರು ಯಾವಾಗ 'ಶಶಿಯಮ್ಮ' ಎನ್ನತೊಡಗಿದರೆಂದು ರಾಜೀವಿಯಕ್ಕನಿಗೇ ನೆನಪಿಲ್ಲ.

ಒಂದು ವರ್ಷ ದೀಪಾವಳಿ ಕಳೆದ ಮೇಲೆ ಆ ಹಿಂಬಾಗಿಲಿನಲ್ಲಿಯೇ ಸುದ್ದಿ ತಿಳಿಯಿತು. ಮೂರು ವಾರಕ್ಕೆ ಶಶಿಪ್ರಭಾ ಅವರ ಮದುವೆ, ಫಳ್ನೀರಿನ ಮನೆಯಲ್ಲಿಯೇ. ಜಡೆಯ ಮಾತು ಅವರಿಗೆ ನೆನಪಿದೆಯೋ ಇಲ್ಲವೋ ಎಂದು ರಾಜೀವಿಯಕ್ಕ ಕೇಳಲಿಲ್ಲ. ಕೇಳಿದರೆ ಇಲ್ಲವೆನ್ನಲು ಮದುಮಗಳಿಗೆ ಕಷ್ಟವಾದೀತು. ಮಾಡಿಕೊಂಡು ಹೋಗುವುದು, ಒಂದು ದಿನವಾದರೂ ಮುಂಬಾಗಿಲಿನಿಂದ ಹೋಗಿ ಕೊಡುವುದು, ತಲೆಗೆ ಏರಿಸುತ್ತಾರೋ ಇಲ್ಲವೋ ಅವರಿಗೇ ಬಿಡುವುದು ಎಂದು ನಿಶ್ಚಯಿಸಿದರು. ಹಾಗೆ ಅಂದುಕೊಂಡರೂ ಆ ಜಡೆ ಧಾರೆಯ ಹೊತ್ತಿನಲ್ಲಿ ಶಶಿಯ ಬೆನ್ನ ಮೇಲೆ ಇರಬೇಕೆಂಬುದೊಂದೇ ಆಗ ಅವರ ಆಸೆ. ಭಜನೆಗೆ ಕೂತರೂ ಕಣ್ಣೆದುರಿಗೆ ಅದೇ ಬರುತ್ತಿತ್ತಂತೆ.

ಅಡಿಕೆ ಹಾಳೆಯನ್ನು ತೆಳುವಾದ ಪಟ್ಟಿಯಾಗಿ ಕತ್ತರಿಸಿ, ಅದರ ಮೇಲೆ ನಲವತ್ತೆಂಟು ಹೂಗಳನ್ನು ಸಾಲಾಗಿ ಕಟ್ಟಿದರು. ಮುಗಿದ ಮೇಲೆ ವಾಸನೆಯ ಹೆದರಿಕೆ ಶುರುವಾಯಿತು. ಸೇಸಪ್ಪಣ್ಣನಿಗೆ ಮೂಸಲು ಕೊಟ್ಟರು. ಅತ್ತೆಗೆ ಕೊಟ್ಟರು. ಪಕ್ಕದ ಮನೆಯ ವಾರಿಜಾಕ್ಷಿಗೂ ಕೊಟ್ಟರು. ಎಂತ ವಾಸನೆಯೂ ಇಲ್ಲವೆಂದು ಎಲ್ಲರೂ ಹೇಳಿದರು. ಆದರೂ ಸಮಾಧಾನವಾಗದೆ ಕೊನೆಗೆ ಜಡೆಯನ್ನು ಚಾಪೆಯ ಮೇಲೆ ಹಾಸಿ ಮನೆಯ ಬೆಕ್ಕನ್ನು ಬಿಟ್ಟರು. ಬೆಕ್ಕು ಜಡೆಯ ಪಕ್ಕದಲ್ಲಿಯೇ ಸುರುಳಿ ಸುತ್ತಿಕೊಂಡು ನಿದ್ದೆ ಹೋಯಿತು. ಬೆಕ್ಕಿನ ಮೂಗಿಗಿಂತ ದೊಡ್ಡ ಸಾಕ್ಷಿ ಬೇಕೇ?

ಆ ವರ್ಷ ಬಂಗುಡೆ ಎಷ್ಟು ಬಿದ್ದಿತ್ತೆಂದರೆ ಬೋಳಾರದವರು ತೆಂಗಿನ ಮರಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಊರಿನ ಬೆಕ್ಕುಗಳು ಮೀನು ಕಂಡರೆ ಮುಖ ತಿರುಗಿಸುತ್ತಿದ್ದವು. ಅದು ಅವರ ಲೆಕ್ಕಕ್ಕೆ ಬರಲಿಲ್ಲ.

ಮದುವೆಗೆ ಮೂರು ದಿನ ಇರುವಾಗ, ಮಿಂದು ಒಗೆದ ಸೀರೆ ಉಟ್ಟು, ಜಡೆಯನ್ನು ತಾಳೆಗರಿಯ ಪೆಟ್ಟಿಗೆಯಲ್ಲಿಟ್ಟು ಫಳ್ನೀರಿಗೆ ಹೋದರು. ಅಂಗಳದಲ್ಲಿ ಚಪ್ಪರ ಎದ್ದಿತ್ತು. ಮುಂಬಾಗಿಲಿನಿಂದಲೇ ಒಳಗೆ ಹೋದರು. ನಡುಮನೆಯಲ್ಲಿ ಕಾವೂರಿನಿಂದ ಬಂದ ಹೆಂಗಸರು, ಅವರ ನಡುವೆ ಮನೆಯ ಯಜಮಾನ್ತಿ ದುಗ್ಗಜ್ಜಿ, ಅಂದರೆ ಶಶಿಪ್ರಭಾ ಅವರ ಅಜ್ಜಿ, ವೀಳ್ಯದೆಲೆ ಒರೆಸುತ್ತಾ ಕುಳಿತಿದ್ದರು.

ರಾಜೀವಿಯಕ್ಕ ಪೆಟ್ಟಿಗೆ ತೆರೆದರು. ಹೆಂಗಸರು ಕತ್ತು ಚಾಚಿ ನೋಡಿದರು. ಮಲ್ಲಿಗೆಗೆ ಬರಗಾಲವಾದ ತಿಂಗಳು ಅದು. ಶಶಿಪ್ರಭಾ ಜಡೆಯನ್ನು ಕೈಗೆತ್ತಿಕೊಂಡು, "ನಿನಗೆ ನೆನಪಿತ್ತಾ!" ಎಂದರು. ಆ ಒಂದು ಮಾತು ಕೇಳಿಸಿದ್ದೇ ಸರಿ, ಕಿಟಕಿಯ ದಂಡೆಯಿಂದ ಏನೋ ಬೆಳ್ಳಗೆ ಹಾರಿತು.

ಅದು ಆ ಮನೆಯ ಬೆಕ್ಕು, ಬೊಳ್ಳಿ. ಚಪ್ಪರದ ಮುಹೂರ್ತವಾದ ಮೇಲೆ ಮದುವೆ ಮುಗಿಯುವವರೆಗೆ ಅಲ್ಲಿ ಮೀನು ಬೇಯಿಸುವ ಕ್ರಮ ಇಲ್ಲ. ಒಂದು ವಾರದಿಂದ ಬೊಳ್ಳಿಗೆ ಹಾಲನ್ನವೇ ಗತಿ. ಅದು ಜಡೆಯ ತುದಿ ಕಚ್ಚಿ ಎಳೆಯಿತು, ಎಳೆದ ರಭಸಕ್ಕೆ ತುದಿಯ ಗಂಟು ಬಿಚ್ಚಿಹೋಯಿತು, ಮೂರು ಹೂಗಳನ್ನು ಬಾಯಲ್ಲಿ ತೂಗಿಸಿಕೊಂಡು ಅಟ್ಟ ಹತ್ತಿತು.

ಹೆಂಗಸರು ನಕ್ಕರು, ನಗದಿರುವುದು ಹೇಗೆ? ಕಾವೂರಿನ ಒಬ್ಬಾಕೆ, ದಿಬ್ಬಣಕ್ಕೆ ಇನ್ನು ವಾದ್ಯ ಬೇಡ, ಫಳ್ನೀರಿನ ಬೆಕ್ಕುಗಳೇ ಮುಂದಿನಿಂದ ಹಾಡಿಕೊಂಡು ಹೋಗ್ತವೆ ಎಂದರು. ಇನ್ನೊಬ್ಬಾಕೆ ನಗದೆ, ಧಾರೆಗೆ ಮೀನಿನದ್ದನ್ನು ಮುಡಿಯುವುದು ಎಲ್ಲಾದರೂ ಉಂಟೇ ಎಂದು ಕೇಳಿದರು.

ರಾಜೀವಿಯಕ್ಕ ಪೆಟ್ಟಿಗೆಗೆ ಕೈ ಹಾಕಿದರು. "ತಪ್ಪಾಯ್ತು ಶಶಿಯಮ್ಮ. ನಮ್ಮ ಮೂಗಿಗೆ ಗೊತ್ತಾಗುದಿಲ್ಲ. ತೆಗೆದುಕೊಂಡು ಹೋಗ್ತೇನೆ."

ಶಶಿಪ್ರಭಾ ಪೆಟ್ಟಿಗೆಯ ಇನ್ನೊಂದು ಬದಿ ಹಿಡಿದರು. "ಬಿಡು. ಕೊಟ್ಟ ಮೇಲೆ ಇದು ನಿನ್ನದಲ್ಲ, ನನ್ನದು."

ಹಾಗೆಂದು ಒಂದು ಹೂವನ್ನು ಮೂಗಿನ ಹತ್ತಿರ ಹಿಡಿದರು. ಪುನಃ ಇನ್ನೊಂದನ್ನು ಹಿಡಿದರು. ಕಿತ್ತುಹೋದ ಕಡೆ ಜೋತುಬಿದ್ದ ನೂಲನ್ನು ಮೂಸಿ ಮುಖ ಹಿಂದಕ್ಕೆ ತೆಗೆದರು.

"ಹೂವಿಗೆ ಎಂತ ವಾಸನೆಯೂ ಇಲ್ಲ ರಾಜಿ. ಈ ನೂಲು ಎಲ್ಲಿಯದ್ದು?"

"ನೂಲಾ? ಬಲೆಯದ್ದು."

ಸೇಸಪ್ಪಣ್ಣನ ಹಳೆಯ ಬಲೆಯಿಂದ ಬಿಚ್ಚಿದ ನೂಲು ಅದು. ಬೋಳಾರದಲ್ಲಿ ತೊಟ್ಟಿಲು ಕಟ್ಟುವುದೂ ಅದರಿಂದಲೇ, ಬೇಲಿ ಕಟ್ಟುವುದೂ ಅದರಿಂದಲೇ. ಅದಕ್ಕಿಂತ ಗಟ್ಟಿಯಾದ ನೂಲು ಅಂಗಡಿಯಲ್ಲಿ ಸಿಗುವುದಿಲ್ಲ. ಗಟ್ಟಿಯಿರಲಿ ಎಂದೇ ಅದನ್ನು ಆರಿಸಿದ್ದರು. ಹುರುಪೆಗೆ ಒಂಬತ್ತು ನೀರು ಕೊಟ್ಟವರಿಗೆ, ಹತ್ತು ವರ್ಷ ಕಡಲಿನಲ್ಲಿ ಮೀನಿನೊಟ್ಟಿಗೆ ಮಿಂದ ನೂಲಿನ ನೆನಪೇ ಆಗಲಿಲ್ಲ.

ದುಗ್ಗಜ್ಜಿ ಎಲೆ ಒರೆಸುವುದನ್ನು ನಿಲ್ಲಿಸಿ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ನಗು ನಿಂತ ಮೇಲೆ, ಧಾರೆಗೆ ಮುಡಿಯುವುದುಂಟೇ ಎಂದು ಕೇಳಿದಾಕೆಯ ಕಡೆಗೆ ತಿರುಗಿದರು.

"ತೀರ್ಥ ಕೊಡುವ ಶಂಖ ಎಂತ, ಮರದಲ್ಲಿ ಬಿಟ್ಟದ್ದಾ? ನಿನ್ನ ಮೂಗಿನ ಮುತ್ತು ಎಲ್ಲಿಯದ್ದು? ಕಡಲಿನದ್ದು ದೇವರಿಗೆ ಆಗ್ತದೆ, ನಮಗೆ ಆಗುದಿಲ್ಲವಾ? ಆ ನೂಲು ತೆಗೆದು ಬೇರೆ ಕಟ್ಟಲಿ. ಬೆಕ್ಕು ಒಪ್ಪಿದರೆ ನಾನೂ ಒಪ್ಪಿದೆ."

ಆ ಮನೆಯಲ್ಲಿ ಅಜ್ಜಿಯ ಮಾತಿನ ಮೇಲೆ ಮಾತಿಲ್ಲ.

ಚಪ್ಪರಕ್ಕೆಂದು ತಂದ ಬಾಳೆಯ ದಿಂಡುಗಳು ಅಂಗಳದಲ್ಲಿ ಬಿದ್ದಿದ್ದವು. ಅವುಗಳ ನಾರು ಸೀಳಿ, ಮಲ್ಲಿಗೆ ಕಟ್ಟುವ ಹಾಗೆಯೇ ಹೂಗಳನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಕಟ್ಟಬೇಕು. ಎರಡು ದಿನ ರಾಜೀವಿಯಕ್ಕ ಬೆಳಿಗ್ಗೆ ಬಂದು ಸಂಜೆಗೆ ಹೋದರು. ಶಶಿಪ್ರಭಾ ನಾರು ನೆನೆಸಿ ಕೊಡುತ್ತಿದ್ದರು, ದುಗ್ಗಜ್ಜಿ ಬಿಚ್ಚಿದ ಬಲೆಯ ನೂಲನ್ನು ಕೋಲಿನ ತುದಿಯಲ್ಲಿ ಎತ್ತಿ ಹೊರಗೆ ಹಾಕಿಸುತ್ತಿದ್ದರು. ಶಾಲೆಯ ಮಾತು, ಟೀಚರ ಮಾತು, ಮೂಗು ಮುಚ್ಚಿದವರಲ್ಲಿ ಯಾರು ಎಲ್ಲಿಗೆ ಮದುವೆಯಾಗಿ ಹೋದರು ಎಂಬ ಮಾತು. ಮೀನಿನ ವಿಷಯ ಮಾತ್ರ ಬರಲಿಲ್ಲ. ಮೊದಲ ದಿನ ಮಧ್ಯಾಹ್ನದೊಳಗೆ 'ಶಶಿಯಮ್ಮ' ಎನ್ನುವುದು ತಪ್ಪಿಹೋಗಿ 'ಶಶಿ' ಎಂದಾಗಿತ್ತು. ಯಾರೂ ತಿದ್ದಲಿಲ್ಲ.

ಮದುವೆಯ ಹಿಂದಿನ ಸಂಜೆ ಪರೀಕ್ಷೆ. ಹೊಟ್ಟೆ ತುಂಬಿದ ಬೆಕ್ಕನ್ನು ನಂಬಿ ಕೆಟ್ಟಿದ್ದ ರಾಜೀವಿಯಕ್ಕ ಈ ಸಲ ಹಸಿದ ಬೆಕ್ಕೇ ಬೇಕೆಂದು ಮೊದಲೇ ತಿಳಿಸಿದ್ದರು. ಮಧ್ಯಾಹ್ನದಿಂದ ಬೊಳ್ಳಿಗೆ ಹಾಲನ್ನವೂ ಇಲ್ಲ. ಜಡೆಯನ್ನು ಚಾಪೆಯ ಮೇಲೆ ಹಾಸಿದರು. ಕಾವೂರಿನ ಹೆಂಗಸರೆಲ್ಲ ಬಾಗಿಲಿನಲ್ಲಿ ಬಂದು ನಿಂತರು. ಬೊಳ್ಳಿ ಬಂತು. ತುದಿಯಿಂದ ಮೂಸಲು ಶುರುಮಾಡಿ ಬುಡದವರೆಗೆ ಹೋಯಿತು. ಮಧ್ಯದಲ್ಲಿ ಒಂದು ಕಡೆ ನಿಂತಿತು. ಬೊಳ್ಳಿ ಅಲ್ಲಿಯೇ ಕುಳಿತು ಮುಂಗಾಲು ನೆಕ್ಕಿಕೊಂಡಿತು. ಆಮೇಲೆ ಎದ್ದು ಜಡೆಯನ್ನು ದಾಟಿ ಅಡುಗೆಮನೆಯ ಕಡೆಗೆ ನಡೆಯಿತು.

"ಒಪ್ಪಿತು. ಇನ್ನು ಅದಕ್ಕೆ ಎಂತಾದ್ರೂ ತಿನ್ನಲಿಕ್ಕೆ ಹಾಕಿ" ಎಂದರು ದುಗ್ಗಜ್ಜಿ.

ಧಾರೆಯ ದಿನ ರಾಜೀವಿಯಕ್ಕ ಚಪ್ಪರದ ಕಂಬದ ಹತ್ತಿರ ನಿಂತಿದ್ದರು. ಮದುಮಗಳು ತಲೆ ತಗ್ಗಿಸಿದಾಗಲೆಲ್ಲ ಬೆನ್ನ ಮೇಲೆ ಜಡೆ ಮಿನುಗುತ್ತಿತ್ತು. ಬೊಳ್ಳಿ ಒಯ್ದ ಮೂರು ಹೂವಿನ ಜಾಗದಲ್ಲಿ, ಎಲ್ಲಿಂದಲೋ ಹುಡುಕಿ ತಂದ ನಿಜವಾದ ಮಲ್ಲಿಗೆ ಕಟ್ಟಿದ್ದರು. ಯಾವುದು ಗಿಡದ್ದು, ಯಾವುದು ಕಡಲಿನದ್ದು ಎಂದು ದೂರದಿಂದ ತಿಳಿಯುತ್ತಿರಲಿಲ್ಲ. ಆಗ ದೇವರಲ್ಲಿ ಎಂತ ಬೇಡಿಕೊಂಡಿರಿ ಎಂದು ನಾನೊಮ್ಮೆ ಕೇಳಿದೆ. "ಬೆಕ್ಕೊಂದು ಈ ಕಡೆ ಬಾರದಿರಲಿ ಅಂತ" ಎಂದರು.

ಇದೆಲ್ಲ ನಡೆದು ಹತ್ತು ವರ್ಷವಾಯಿತು. ಕಳೆದ ವರ್ಷ ಬೋಳಾರದ ರಾಜೀವಿಯಕ್ಕನ ಮನೆಯ ಮುಂಬಾಗಿಲಿಗೆ ಶಶಿಪ್ರಭಾ ಬಂದರು. ಕಾವೂರಿನ ತವರುಮನೆಯಿಂದ ಎತ್ತಿನ ಗಾಡಿಯಲ್ಲಿ, ಎಂಟು ವರ್ಷದ ಮಗಳು ಆಶಾಲತಾಳನ್ನೂ ಅದೇ ತಾಳೆಗರಿಯ ಪೆಟ್ಟಿಗೆಯನ್ನೂ ತಂದಿದ್ದರು. ಮಗಳಿಗೆ ಜಡೆ ಹಾಕಿ ನೋಡುವ ಆಸೆ, ಆದರೆ ಬಾಳೆಯ ನಾರು ಒಣಗಿ ಪುಡಿಯಾಗಿದೆ, ಹೊಸದಾಗಿ ಕಟ್ಟಿಕೊಡಬೇಕೆಂದರು. ಹುರುಪೆಗಳು ಹಳದಿಯ ಛಾಯೆಗೆ ತಿರುಗಿದ್ದವು, ಹೊಳಪು ಹೋಗಿರಲಿಲ್ಲ. ನಾನೂ ಅಲ್ಲಿದ್ದೆ. ಇಬ್ಬರೂ ಜಗಲಿಯಲ್ಲಿ ಕಾಲು ಚಾಚಿ ಕುಳಿತು ಕಟ್ಟತೊಡಗಿದರು.

ರಾಜೀವಿಯಕ್ಕ ಒಳಗಿನಿಂದ ಮೂರು ಹೊಸ ಹೂ ತಂದು, ಖಾಲಿ ಇದ್ದ ಜಾಗಕ್ಕೆ ಹಿಡಿದು ನೋಡಿದರು. ಅಳತೆ ಸರಿಯಾಗಿತ್ತು.

"ಅದು ಬೇಡ ರಾಜಿ" ಎಂದರು ಶಶಿಪ್ರಭಾ. "ಅದು ಬೊಳ್ಳಿಯ ಪಾಲು."

ಬೊಳ್ಳಿ ಯಾರೆಂದು ಆಶಾಲತಾ ಕೇಳಿದಳು. ಇಬ್ಬರೂ ಒಟ್ಟಿಗೆ ಹೇಳಲು ಹೊರಟು, ಒಟ್ಟಿಗೆ ನಿಂತು, ನಗತೊಡಗಿದರು. ಅಂಗಳದ ಗಿಡದಲ್ಲಿ ಅಂದು ಮಲ್ಲಿಗೆ ಬಿಟ್ಟಿತ್ತು. ಮೂರು ಹೂ ಕೊಯ್ದು ತಂದವಳು ನಾನು, ಆ ಮೂರು ಜಾಗಕ್ಕೆ ಅದನ್ನೇ ಕಟ್ಟಿದರು.